ದಪ್ಪ ಅಂಕಿಗಳ ಮೀಟರು

ಅಪ್ಪನ ಬೈಕಿನ ಮೀಟರನ್ನು ನಾವು ಮೊದಲ ಸಲ ಬಿಚ್ಚಿದ್ದು ಜನ್ನಾಪುರದ ಮನೆಯ ಅಡುಗೆಕೋಣೆಯಲ್ಲಿ, ಅಮ್ಮ ಅಕ್ಕಿರೊಟ್ಟಿ ತಟ್ಟುವ ಮಣೆಯ ಮೇಲೆ. ಸೀಮೆಎಣ್ಣೆ ಚೆಲ್ಲಿದ ಮೇಲೆ ಆ ಮಣೆ ರೊಟ್ಟಿಗೆ ಒದಗಲಿಲ್ಲ. ಅಮ್ಮ ವಾರಗಟ್ಟಲೆ ಗೊಣಗಿದಳು. ಚೆಲ್ಲಿದ್ದು ಯಾಕೆ ಎಂದು ಮಾತ್ರ ನಮ್ಮಲ್ಲಿ ಯಾರೂ ಕೇಳಲಿಲ್ಲ. ಬಾಟಲಿ ಅಪ್ಪನ ಎಡಗೈ ಪಕ್ಕದಲ್ಲೇ ಇತ್ತು. ಅಪ್ಪ ಬ್ರಷ್ಷಿಗೆ ಕೈ ಚಾಚಿದರು, ಬಾಟಲಿ ಉರುಳಿತು. ಅಷ್ಟೇ ಎಂದುಕೊಂಡೆವು.

ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಭಟ್ಟಿಯ ಮುಂದೆ ನಿಂತು ಅರ್ಧ ಆಯುಷ್ಯ ಕಳೆದವರು. ಸ್ವಯಂ ನಿವೃತ್ತಿಯ ಗಾಳಿ ಬೀಸಿದಾಗ ಅವರ ಓರಗೆಯವರೆಲ್ಲ ಒಬ್ಬೊಬ್ಬರಾಗಿ ಮನೆಗೆ ಬಂದರು, ಅಪ್ಪನೂ ಬಂದರು. ಆದರೆ ಜಗಲಿ ಮೇಲೆ ಕೂತು ಇಸ್ಪೀಟು ಆಡುವ ಜನ ಅವರಲ್ಲ. ಶಿವಮೊಗ್ಗದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಗೋಡೌನ್ ನೋಡಿಕೊಳ್ಳುವ ಕೆಲಸ ಹಿಡಿದರು. ನಾನು ಅದೇ ಊರಿನ ಖಾಸಗಿ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ಹಾಗಾಗಿ ದಿನಾ ಬೆಳಿಗ್ಗೆ ಅಪ್ಪ ಮುಂದೆ, ನಾನು ಹಿಂದೆ, ಮಧ್ಯೆ ನಮ್ಮಿಬ್ಬರ ಊಟದ ಡಬ್ಬಿ. ಬೈಕು ಹಳೆಯ ಟೂ-ಸ್ಟ್ರೋಕ್. ಅದು ನಮ್ಮ ಬೀದಿಗೆ ತಿರುಗುವ ಮೊದಲೇ ಅಮ್ಮ ಒಲೆ ಮೇಲೆ ಕಾಫಿಗೆ ನೀರಿಡುತ್ತಿದ್ದಳು, ಅಷ್ಟು ಸದ್ದು.

ಮೀಟರು ಸತ್ತು ಎಷ್ಟೋ ಕಾಲವಾಗಿತ್ತು. ಮೇಲಿನ ಗಾಜು, ಗಾಜೆಂದರೆ ಪ್ಲಾಸ್ಟಿಕ್ಕೇ, ಮಜ್ಜಿಗೆ ಬಣ್ಣಕ್ಕೆ ತಿರುಗಿತ್ತು. ಒಳಗಿನ ಕಪ್ಪು ತಟ್ಟೆ ಚಕ್ಕೆಯೆದ್ದು, ಅಂಕಿಗಳಲ್ಲಿ ಅರ್ಧ ಉದುರಿದ್ದವು. ಕಿತ್ತಳೆ ಬಣ್ಣದ ಮುಳ್ಳು ಬಿಸಿಲಿಗೆ ಬೆಳ್ಳಗಾಗಿ ಸೊನ್ನೆಯ ಮೇಲೆ ಮಲಗಿತ್ತು. ಅಪ್ಪನಿಗೆ ಅದರ ಗೊಡವೆಯೇ ಇರಲಿಲ್ಲ. ಅಂಥವರು ಒಂದು ಭಾನುವಾರ ಇದ್ದಕ್ಕಿದ್ದಂತೆ, "ಪುಟ್ಟೀ, ಈ ಮೀಟರಿಗೊಂದು ಗತಿ ಕಾಣಿಸೋಣ ಕಣೆ" ಅಂದರು.

"ಹೊಸದು ಹಾಕ್ಸಿ ಅಪ್ಪಾಜಿ."

"ಹೊಸದು ಹಾಕಿದ್ರೆ ಉಳಿದ ಗಾಡಿ ಹಳೇದು ಅಂತ ಎದ್ದು ಕಾಣುತ್ತೆ. ನಿನ್ನ ಕೈಯಲ್ಲಿ ಬ್ರಷ್ ಇದೆ, ನನ್ನ ಕೈಯಲ್ಲಿ ಸ್ಕ್ರೂಡ್ರೈವರ್ ಇದೆ. ಇನ್ನೇನು ಬೇಕು ಮಾರಾಯ್ತಿ?"

ಭಾನುವಾರದ ಮಧ್ಯಾಹ್ನಗಳು ಹೀಗೆ ಮೀಟರಿನ ಪಾಲಾದವು. ಗಾಜನ್ನು ಹಿಡಿದಿರುವ ಸುತ್ತಿನ ಬಳೆಯನ್ನು ಎಬ್ಬಿಸುವುದೇ ಮೊದಲ ಗಂಡಾಂತರ. ಒಂದೇ ಕಡೆ ಮೀಟಿದರೆ ಬಳೆ ಸೊಟ್ಟಗಾಗುತ್ತದೆ, ಆಮೇಲೆ ಮಳೆನೀರು ಒಳಗಿಳಿಯುತ್ತದೆ. ಅಪ್ಪ ಮೀಟರನ್ನು ತೊಡೆಯ ಮೇಲಿಟ್ಟುಕೊಂಡು, ಹಲಸಿನಕಾಯಿ ಬಿಡಿಸುವವರ ತಾಳ್ಮೆಯಲ್ಲಿ ಸುತ್ತಲೂ ಚೂರುಚೂರೇ ಎಬ್ಬಿಸಿದರು. ಕಣ್ಣಿಗಿಂತ ಬೆರಳನ್ನೇ ನಂಬಿ ಮಾಡಿದರು. ಆ ಬೆರಳುಗಳನ್ನು ನಾನು ಮೆಚ್ಚಿಕೊಂಡು ನೋಡುತ್ತಿದ್ದೆ. ಗಾಜನ್ನು ಟೂತ್‌ಪೇಸ್ಟ್ ಹಾಕಿ, ಹಳೆ ಪಂಚೆಯ ತುಂಡಿನಲ್ಲಿ ಒಂದೇ ದಿಕ್ಕಿಗೆ ಉಜ್ಜಿದೆವು. ಮಜ್ಜಿಗೆಯೆಲ್ಲ ಹೋಗಿ ಗಾಜು ತಿಳಿಯಾಯಿತು. ಹೊಗೆ ಹಿಡಿದ ಬಳೆಗೆ ಅಪ್ಪ ಮಾಡಿದ್ದು ಇನ್ನೊಂದು ಉಪಾಯ. ದೇವರ ಗೂಡಿನಿಂದ ವಿಭೂತಿಗಟ್ಟಿಯ ತುಂಡು ತಂದು, ಕುಟ್ಟಿ ಪುಡಿಮಾಡಿ, ನಾಲ್ಕು ಹನಿ ಎಣ್ಣೆಯಲ್ಲಿ ಕಲಸಿ ತಿಕ್ಕಿದರು. ಬಳೆ ಬೆಳ್ಳಿಯಂತೆ ಬೆಳಗಿತು. ಅಮ್ಮ ಕಂಡವಳೇ ಹೌಹಾರಿದಳು.

"ರೀ, ಹಣೆಗೆ ಹಚ್ಚೋದನ್ನ ಗಾಡಿಗೆ ತಿಕ್ತೀರಲ್ರೀ!"

"ಗಾಡೀನೂ ಭಕ್ತ ಆಗ್ಲಿ ಬಿಡೇ. ನಮ್ಮಿಬ್ರನ್ನ ದಿನಾ ಹೊರುತ್ತಲ್ಲ, ಅದಕ್ಕೂ ಒಂದಿಷ್ಟು ಪುಣ್ಯ ಬೇಡ್ವಾ?"

ಅಮ್ಮ ನಗಲಿಲ್ಲ. ಮುಂದೆ ಏನೇ ಆದರೂ ಅವಳು ಆ ವಿಭೂತಿಯ ಮೇಲೇ ಹೊರಿಸುತ್ತಿದ್ದಳು.

ಅಂಕಿ ಬರೆಯುವುದು ನನ್ನ ಪಾಲಿಗೆ. ತಟ್ಟೆಗೆ ಮಿರುಗದ ಕಪ್ಪು ಬಣ್ಣ ಹೊಡೆದು, ಒಣಗಿಸಿ, ಸಣ್ಣ ಬ್ರಷ್ಷಿನಲ್ಲಿ ಬಿಳಿ ಎನಾಮಲ್ ತೆಗೆದುಕೊಂಡು ಮೊದಲಿದ್ದ ಹಾಗೇ ತೆಳ್ಳಗೆ, ಚೆಂದವಾಗಿ ಬರೆದೆ. ಎಡಗಡೆ ಕೆಳಗೆ ಸೊನ್ನೆ, ಅದರ ಮೇಲೆ ಇಪ್ಪತ್ತು, ನಲವತ್ತು, ನೆತ್ತಿಗೆ ಅರವತ್ತು, ಆಮೇಲೆ ಬಲಕ್ಕಿಳಿಯುತ್ತ ನೂರಿಪ್ಪತ್ತು. ನನಗೇ ಹೆಮ್ಮೆಯಾಯಿತು. ಅಪ್ಪ ತಟ್ಟೆಯನ್ನು ಕಿಟಕಿಯ ಹತ್ತಿರ ಹಿಡಿದು, ದೂರ ಮಾಡಿ, ಹತ್ತಿರ ಮಾಡಿ ನೋಡಿದರು.

"ಸಣ್ಣ ಆಯ್ತು. ದಪ್ಪಗೆ ಬರಿ."

ಅಳಿಸಿ ದಪ್ಪಗೆ ಬರೆದೆ. "ಇನ್ನೂ ದಪ್ಪ" ಅಂದರು. ಮತ್ತೆ ಬರೆದೆ. "ಇನ್ನೂ." ನನಗೆ ರೇಗಿತು. ನಾನೇನು ಬಸ್ಸಿನ ಬೋರ್ಡು ಬರೆಯುತ್ತಿದ್ದೇನೆಯೇ? "ಅಪ್ಪಾಜಿ, ಇದು ಮೀಟರೋ, ಗೋಡೆ ಕ್ಯಾಲೆಂಡರೋ?" ಅಂದೆ. ಅವರು ನಕ್ಕರು. ಕೊನೆಗೆ ಅಂಕಿಗಳು ಒಂದಕ್ಕೊಂದು ತಾಕುವಷ್ಟು ಉಬ್ಬಿ, ನೋಡಿದವರು ನಗುವ ಹಾಗಾಯಿತು. ಮುಳ್ಳಿಗೆ ನನ್ನ ಉಗುರುಬಣ್ಣಗಳಲ್ಲೇ ಕಣ್ಣು ಕುಕ್ಕುವ ಕಿತ್ತಳೆಯನ್ನು ಆರಿಸಿಕೊಂಡರು. ಮುಪ್ಪಿನಲ್ಲಿ ಶೋಕಿ ಹತ್ತಿತು ಎಂದು ಅಮ್ಮನೂ ನಾನೂ ಆಡಿಕೊಂಡೆವು. ಟ್ಯಾಂಕಿನ ಪಕ್ಕದ ರಬ್ಬರಿಗೆ ಬೂಟ್ ಪಾಲಿಶ್, ಬಿಳುಚಿದ ಸ್ವಿಚ್ಚುಗಳಿಗೆ ಕೊಬ್ಬರಿ ಎಣ್ಣೆ, ಹೀಗೆ ಒಂದೊಂದೇ ಭಾನುವಾರ ಬೈಕು ಮದುವಣಗಿತ್ತಿಯಾಗತೊಡಗಿತು. ಮೇಲೆ ಥಳಕು ಒಳಗೆ ಹುಳುಕು ಅನ್ನುವ ಮಾತನ್ನು ನಾನು ಆ ಬೈಕಿನ ಇಂಜಿನ್ನಿಗೆ ಹೇಳುತ್ತಿದ್ದೆ. ಹುಳುಕು ಇದ್ದದ್ದು ಇಂಜಿನ್ನಿನಲ್ಲಲ್ಲ.

ಆ ದಿನಗಳಲ್ಲೇ ಎದುರುಮನೆಯ ತಮಿಳು ಅಮ್ಮ ಬಂದು ಅಮ್ಮನ ಹತ್ತಿರ ದೂರಿದರು. "ನಿಮ್ ಯಜಮಾನ್ರಿಗೆ ನಮ್ ಮೇಲೆ ಕೋಪಾನಾ? ಗೇಟ್ ಪಕ್ಕದಲ್ಲೇ ನಿಂತು ಮಾತಾಡ್ಸಿದ್ರೂ ನೋಡಿ ನೋಡ್ದಂಗೆ ಹೋಗ್ತಾರೆ." ಅಮ್ಮನಿಗೆ ನಾಚಿಕೆಯಾಯಿತು. ಅಪ್ಪನಿಗೆ ಅಹಂಕಾರ ಬಂದಿದೆ ಎಂದು ಬೀದಿಯಲ್ಲಿ ಮಾತಾಯಿತು. ಅಪ್ಪ ಬಾಗಿಲ ಚೌಕಟ್ಟಿಗೆ ಭುಜ ಹೊಡೆದುಕೊಳ್ಳುತ್ತಿದ್ದರು, ತಟ್ಟೆಯ ಅಂಚಿನಲ್ಲಿದ್ದ ಉಪ್ಪಿನಕಾಯಿಯನ್ನು ಬಿಟ್ಟು ಏಳುತ್ತಿದ್ದರು. ಮಾಚೇನಹಳ್ಳಿಯ ಹತ್ತಿರ ಎಡಗಡೆಯ ಅಡ್ಡರಸ್ತೆಯಿಂದ ಒಂದು ವ್ಯಾನು ನಮ್ಮ ಮೇಲೇ ಬಂದಂತೆ ಬಂದು ಕಿರ್ರೆಂದು ನಿಂತಾಗ, ಅಪ್ಪ ತಲೆ ಕೂಡ ತಿರುಗಿಸಲಿಲ್ಲ. ಡ್ರೈವರ್ ಬೈದ ಬೈಗುಳ ನನ್ನ ಕಿವಿಯಲ್ಲಿ ಶಾಲೆ ಮುಟ್ಟುವ ತನಕ ಇತ್ತು. ಅಪ್ಪನ ಧೈರ್ಯಕ್ಕೆ ಆವತ್ತು ನಾನು ಬೆರಗಾದೆ.

ಕಣ್ಣಿನ ತೊಂದರೆಗೆಲ್ಲ ನಮ್ಮ ಬೀದಿಯಲ್ಲಿ ಒಂದು ಸಿದ್ಧ ವಿವರಣೆಯಿತ್ತು: ಉಷ್ಣ. ಭಟ್ಟಿಯ ಮುಂದೆ ದುಡಿದವರ ಕಣ್ಣು ಮಂಜಾಗುವುದು ಉಷ್ಣದಿಂದ. ಬೆಂಕಿ ನೋಡಿದಷ್ಟು ವರ್ಷ ತಣಿದರೆ ತಾನಾಗಿ ತಿಳಿಯಾಗುತ್ತದೆ. ಹೀಗೆಂದು ಯಾರು ಮೊದಲು ಹೇಳಿದರೋ ಗೊತ್ತಿಲ್ಲ, ಎಲ್ಲರೂ ನಂಬಿದ್ದರು. ಶನಿವಾರ ಬಂತೆಂದರೆ ನಿವೃತ್ತರಾದ ಗಂಡಸರೆಲ್ಲ ನೆತ್ತಿಗೆ ಹರಳೆಣ್ಣೆ ಒತ್ತಿಸಿಕೊಂಡು, ಮುಚ್ಚಿದ ರೆಪ್ಪೆಗಳ ಮೇಲೆ ಒದ್ದೆ ನಂದಿಬಟ್ಟಲು ಹೂವಿಟ್ಟುಕೊಂಡು ಜಗಲಿಗಳಲ್ಲಿ ಮಲಗುತ್ತಿದ್ದರು. ಬೀದಿಯ ಈ ತುದಿಯಿಂದ ಆ ತುದಿಗೆ ಅದೇ ಗಾಢ ವಾಸನೆ. ಎಣ್ಣೆ ಇಳಿಯುವ ಮುಖ, ಕಣ್ಣಿದ್ದ ಕಡೆ ಬಿಳಿ ಹೂವು. ಚಿಕ್ಕಂದಿನಲ್ಲಿ ಅದು ನೋಡಲು ತಮಾಷೆಯಾಗಿತ್ತು. ಅಪ್ಪ ಹಾಗೆ ಮಲಗಿದ್ದನ್ನು ಕಂಡ ಮೊದಲ ಶನಿವಾರ ತಮಾಷೆ ಅನ್ನಿಸಲಿಲ್ಲ. ಡಾಕ್ಟರಿಗೆ ತೋರಿಸೋಣ ಅಂದರೆ ಅಮ್ಮ, "ಡಾಕ್ಟ್ರೇನು ಭಟ್ಟಿ ಮುಂದೆ ನಿಂತಿದ್ರಾ? ತಣೀಬೇಕು ಕಣೆ. ಹೊತ್ತು ಹಿಡಿಯುತ್ತೆ" ಅಂದಳು. ಅಪ್ಪ ಹೂವಿನ ಕೆಳಗಿಂದಲೇ ಹೂಂಗುಟ್ಟಿದರು.

ಕೊನೆಗೆ ಉಳಿದದ್ದು ಕೇಬಲ್. ಮುಂದಿನ ಚಕ್ರ ತಿರುಗಿದ್ದನ್ನು ಮೀಟರಿಗೆ ಮುಟ್ಟಿಸುವ ತಂತಿ ಅದು, ಅದಿಲ್ಲದೆ ಮೀಟರು ಬರೀ ಅಲಂಕಾರ. ಅಪ್ಪ ಶಿವಮೊಗ್ಗದಿಂದ ಹೊಸದು ತಂದು ನನ್ನ ಕೈಗೆ ಕೊಟ್ಟರು. ಆ ಭಾನುವಾರ ನಾನೊಬ್ಬಳೇ ಕೂತು ಮೀಟರನ್ನು ಹ್ಯಾಂಡಲಿಗೆ ಕೂರಿಸಿದೆ. ಬಳೆಯ ಕೆಳಗೆ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಸುತ್ತನ್ನು ಇಟ್ಟು ಒತ್ತಿದೆ. ಎಲ್ಲ ಸರಿಹೋಯಿತು, ಕೇಬಲ್ ಮಾತ್ರ ಬೇರೆ ಗಾಡಿಯದ್ದು, ಅದರ ತಿರುಪು ಕೂರಲೇ ಇಲ್ಲ. ಬದಲಾಯಿಸಲು ಸುತ್ತಿ ನನ್ನ ಶಾಲೆಯ ಬ್ಯಾಗಿಗೆ ಹಾಕಿಕೊಂಡೆ. ಅಪ್ಪ ಯಾರದೋ ಮನೆಯ ಗೃಹಪ್ರವೇಶಕ್ಕೆ ಹೋಗಿ ಬಂದು ಬೇಗ ಮಲಗಿದ್ದರು. ಬೆಳಿಗ್ಗೆ ಹೊರಡುವ ಗಡಿಬಿಡಿ. ಹೇಳಲಾಗಲಿಲ್ಲ.

ಸೋಮವಾರ. ಚಳಿಗಾಲದ ತೆಳು ಮಂಜು ಗದ್ದೆಗಳ ಮೇಲೆ ಇನ್ನೂ ಕೂತಿತ್ತು. ಮಾಚೇನಹಳ್ಳಿ ದಾಟಿದ ಮೇಲೆ ಕೇಬಲ್ ನೆನಪಾಯಿತು. ಅಪ್ಪನನ್ನು ಒಂದಿಷ್ಟು ಕಾಡಿಸೋಣ ಅನ್ನಿಸಿತು. ಮುಳ್ಳೇ ಏಳುತ್ತಿಲ್ಲವಲ್ಲ ಮಾರಾಯ್ತಿ, ಏನು ಮಾಡಿ ಇಟ್ಟಿದೀಯ ಎಂದು ಅವರು ರೇಗಬೇಕು, ನಾನು ನಗಬೇಕು. ಇಷ್ಟೇ ನನ್ನ ಲೆಕ್ಕಾಚಾರ. ಅವರ ಕಿವಿಯ ಹತ್ತಿರ ಬಗ್ಗಿ ಕೂಗಿದೆ:

"ಎಷ್ಟರಲ್ಲಿ ಹೋಗ್ತಾ ಇದೀವಿ ಅಪ್ಪಾಜಿ?"

ಅಪ್ಪ ತಲೆಯನ್ನು ಸ್ವಲ್ಪ ತಗ್ಗಿಸಿದಂತೆ ಮಾಡಿದರು. "ನಲವತ್ತೈದು" ಅಂದರು. ಆಮೇಲೆ ಖುಷಿಯಿಂದ, "ಪಸಂದಾಗಿದೆ ಪುಟ್ಟೀ, ಮುಳ್ಳು ಅಲ್ಲಾಡದೆ ನಿಂತಿದೆ" ಎಂದು ಸೇರಿಸಿದರು.

ನಾನು ಅವರ ಭುಜದ ಮೇಲಿಂದ ನೋಡಿದೆ. ಉಗುರುಬಣ್ಣದ ಕಿತ್ತಳೆ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ನಾನೇ ಬರೆದ ಆ ದಪ್ಪ ಸೊನ್ನೆ. ಎದುರಿನಿಂದ ಲಾರಿಯೊಂದು ಬಂದು, ಗಾಳಿ ಬೀಸಿ ಹೋಯಿತು. ಆ ಕ್ಷಣದಲ್ಲಿ ಚೌಕಟ್ಟು, ಉಪ್ಪಿನಕಾಯಿ, ಎದುರುಮನೆಯ ಅಮ್ಮ, ಆ ವ್ಯಾನು, ಎಲ್ಲವೂ ಸಾಲಾಗಿ ಬಂದು ನನ್ನ ಮುಂದೆ ನಿಂತವು.

"ಗಾಡಿ ನಿಲ್ಸಿ."

"ಏನಾಯ್ತೇ?"

"ನಿಲ್ಸಿ ಅಂದೆ!"

ಮಲವಗೊಪ್ಪದ ಹತ್ತಿರ ರಸ್ತೆ ಬದಿಗೆ ನಿಲ್ಲಿಸಿದರು. ನಾನು ಇಳಿದು, ಬ್ಯಾಗಿನಿಂದ ಕೇಬಲ್ ತೆಗೆದು ಅವರ ಮುಖದ ನೇರಕ್ಕೆ ಹಿಡಿದೆ.

"ಕೇಬಲ್ ಹಾಕೇ ಇಲ್ಲ ಅಪ್ಪಾಜಿ."

ಅಪ್ಪ ಬೆರಳಿನಿಂದ ಮೀಟರಿನ ಗಾಜನ್ನು ಸವರಿದರು. ಆಮೇಲೆ, "ಇಂಜಿನ್ ಸದ್ದು ಕೇಳಿ ಹೇಳಿದೆ. ನಲವತ್ತೈದೇ ಇತ್ತು, ಸುಳ್ಳಲ್ಲ" ಅಂದರು.

"ನಾನು ಅದನ್ನ ಕೇಳ್ತಿಲ್ಲ."

"ಕೆಳಗೆ ನೋಡಿದ್ರೆ ರಸ್ತೆ ಕಳೆದುಹೋಗುತ್ತೆ ಪುಟ್ಟೀ. ಮತ್ತೆ ಹುಡುಕ್ಕೊಳೋಕೆ ಹೊತ್ತು ಹಿಡಿಯುತ್ತೆ. ಕೊಳವೆ ಒಳಗಿಂದ ನೋಡಿದಂಗೆ. ಅದಕ್ಕೇ ನಾನು ರಸ್ತೆಯಿಂದ ಕಣ್ಣು ತೆಗೆಯಲ್ಲ. ದಪ್ಪಗೆ ಬರೆದ್ರೆ, ನೋಡದೇನೇ ಕಾಣಬಹುದು ಅಂದ್ಕೊಂಡೆ."

ನಾನು ಅಲ್ಲೇ ಮೋರಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಎಡಗಡೆಯ ಊರೂ ಇಲ್ಲ, ಬಲಗಡೆಯ ಊರೂ ಇಲ್ಲ, ಬಳೆಯಷ್ಟು ಅಗಲದ ರಸ್ತೆಯೊಂದನ್ನು ನಂಬಿ ಈ ಮನುಷ್ಯ ದಿನಾ ನನ್ನನ್ನು ಹೊತ್ತು ತುಂಗೆಯ ಸೇತುವೆ ದಾಟಿಸಿದ್ದಾರೆ. ಹೆದರಿಕೆಗಿಂತ ಮೊದಲು ಬಂದದ್ದು ಸಿಟ್ಟು. ಕೂಗಾಡಿದೆ. ಏನೇನು ಅಂದೆನೋ, ಪಂಕ್ಚರ್ ಅಂಗಡಿಯವನು ಹೊರಗೆ ಬಂದು ನೋಡುತ್ತ ನಿಂತ.

"ಅಮ್ಮನಿಗೆ ಹೇಳ್ಬೇಡ" ಅಂದರು ಅಪ್ಪ. "ತಣೀತಾ ಇದೆ. ಇನ್ನು ಒಂದಷ್ಟು ದಿನ. ಗಾಡಿ ನಿಂತ್ರೆ ನಾನೂ ಜಗಲಿ ಮೇಲಿನವರ ಲೆಕ್ಕಕ್ಕೆ ಬಂದ್ಬಿಡ್ತೀನಿ ಕಣೆ. ನೀನು ಹಿಂದೆ ಕೂತು ಎಡಕ್ಕೆ ಬಲಕ್ಕೆ ಏನಿದೆ ಅಂತ ಹೇಳ್ತಾ ಇರು, ಸಾಕು. ನಾನು ಓಡಿಸ್ತೀನಿ."

ಅಷ್ಟು ಮೆತ್ತಗೆ ಬೇಡಿಕೊಂಡರೆ ಒಪ್ಪಿಬಿಡುತ್ತೇನೇನೋ ಎಂದು ನನಗೇ ಭಯವಾಯಿತು. ಕೀ ಕಿತ್ತು ಬ್ಯಾಗಿಗೆ ಹಾಕಿಕೊಂಡೆ. ಬೈಕನ್ನು ಪಂಕ್ಚರ್ ಅಂಗಡಿಯ ಪಕ್ಕ ನಿಲ್ಲಿಸಿ, ಪ್ರೈವೇಟ್ ಬಸ್ಸು ಹತ್ತಿದೆವು. ಬಸ್ಸಿನ ಮೆಟ್ಟಿಲನ್ನು ಅಪ್ಪ ಕಾಲಿನಿಂದ ತಡವಿ ಹುಡುಕಿದ್ದನ್ನು ಆವತ್ತು ಮೊದಲ ಸಲ ಕಂಡೆ. ಎಷ್ಟು ಕಾಲದಿಂದ ಹಾಗೆ ಹುಡುಕುತ್ತಿದ್ದರೋ. ಸೇತುವೆ ಮೇಲೆ ಬಸ್ಸು ಹೋಗುವಾಗ ಅವರು ಕಿಟಕಿಯ ಪಕ್ಕ ಕೂತು ನೇರ ಮುಂದಕ್ಕೇ ನೋಡುತ್ತಿದ್ದರು.

ಶಿವಮೊಗ್ಗದ ಕಣ್ಣಿನ ಡಾಕ್ಟರು ವಯಸ್ಸಾದವರು. ಯಂತ್ರದ ಮುಂದೆ ಗದ್ದ ಊರಿಸಿ, ಹನಿ ಹಾಕಿ, ಕಾಯಿಸಿ, ಮತ್ತೆ ನೋಡಿದರು. ಅಪ್ಪ ಕೇಳಿದ್ದು ಒಂದೇ: "ಬೆಂಕಿ ನೋಡಿ ನೋಡಿ ಆಗಿರೋದು ಅಲ್ವಾ ಸಾರ್? ತಣಿದ್ರೆ ಹೋಗುತ್ತೆ ಅಲ್ವಾ?"

"ಭದ್ರಾವತಿಯಿಂದ ಬರೋರೆಲ್ಲ ಇದೇ ಹೇಳ್ತೀರಿ. ಬೆಂಕಿಯಿಂದಾನೂ ಅಲ್ಲ, ಕಾರ್ಖಾನೆಯಿಂದಾನೂ ಅಲ್ಲ. ಕಣ್ಣೊಳಗಿನ ಒತ್ತಡ ಜಾಸ್ತಿಯಾಗಿ ಒಳಗಿನ ನರ ಒಣಗಿದೆ. ನೋವಿರಲ್ಲ, ಅಂಚಿನಿಂದ ಶುರುವಾಗಿ ತಿನ್ಕೊಂಡು ಬರುತ್ತೆ. ಹೋಗಿರೋದು ಬರಲ್ಲ. ಉಳಿದಿರೋದಕ್ಕೆ ಹನಿ ಹಾಕೋಣ. ಮೊದಲೇ ಬಂದಿದ್ರೆ ಬಹಳ ಉಳೀತಿತ್ತು."

ಅಪ್ಪ ಅದನ್ನು ತಲೆಯಾಡಿಸುತ್ತ ಕೇಳಿದರು, ಬೇರೆ ಯಾರದೋ ಸುದ್ದಿಯೇನೋ ಅನ್ನುವಂತೆ. ಆಮೇಲೆ ಡಾಕ್ಟರು ಚೀಟಿ ಬರೆಯುತ್ತ, "ಇದು ರಕ್ತದಲ್ಲಿ ಇಳಿದು ಬರುತ್ತೆ. ಮಗಳ ಕಣ್ಣನ್ನೂ ವರ್ಷಕ್ಕೊಮ್ಮೆ ತೋರಿಸ್ತಾ ಇರಿ" ಅಂದರು. ಆಗ ಅಪ್ಪನ ಮುಖ ಇಳಿಯಿತು. ಕುರ್ಚಿಯ ಕೈ ಹಿಡಿದುಕೊಂಡು ನನ್ನತ್ತ ತಿರುಗಿದರು. ನಾನು ಕೂತದ್ದು ಎಡಕ್ಕೆ, ಅವರು ಹುಡುಕಿದ್ದು ಬಲಕ್ಕೆ.

ಅಮ್ಮ ನಂಬಲಿಲ್ಲ. ಡಾಕ್ಟರ ಹನಿಯ ಜೊತೆಗೆ ಹರಳೆಣ್ಣೆಯೂ ನಡೆಯಿತು. ಆಮೇಲೊಂದು ಶನಿವಾರ ಅವಳು ತಾನಾಗಿಯೇ ಎಣ್ಣೆಬಟ್ಟಲು ಕೆಳಗಿಟ್ಟು, ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಅಪ್ಪ ತಟ್ಟೆಯಲ್ಲಿ ಏನಿದೆ ಎಂದು ಕೈಯಿಂದ ಮುಟ್ಟಿ ತಿಳಿಯುವುದನ್ನು ಆವತ್ತು ಬೆಳಿಗ್ಗೆ ನೋಡಿದ್ದಳು. ಮನೆಮನೆಗೆ ಹೋಗಿ ಹೆಂಗಸರಿಗೆ ಹೇಳಿದಳು, ಒಮ್ಮೆ ತೋರಿಸಿಕೊಂಡು ಬನ್ನಿ ಎಂದು. ಕೆಲವರು ಹೋದರು. ಹೆಚ್ಚಿನವರು, ನಮ್ಮ ಮನೆಯವರಿಗೆ ತಂಪು ಹಿಡಿಯುತ್ತಿದೆ ಅಂದರು. ಜಗಲಿಗಳ ಮೇಲೆ ಬಿಳಿ ಹೂವಿನ ಕಣ್ಣುಗಳು ಹಾಗೇ ಮಲಗಿದ್ದವು. ಹರಳೆಣ್ಣೆಯ ವಾಸನೆ ಬಂದರೆ ನಾನು ಈಗಲೂ ಕಿಟಕಿ ಮುಚ್ಚುತ್ತೇನೆ.

ಬೈಕನ್ನು ಕೊಟ್ಟುಬಿಟ್ಟೆವು. ಕೊಳ್ಳಲು ಬಂದವನು ಥಳಥಳಿಸುವ ಬಳೆಯನ್ನೂ ದಪ್ಪ ಅಂಕಿಯನ್ನೂ ನೋಡಿ, ಮೀಟರಿಗೇ ಮರುಳಾದ. ಅಪ್ಪ ಎಲ್ಲಕ್ಕೂ ಒಪ್ಪಿದರು, ಮೀಟರು ಮಾತ್ರ ಕೊಡಲಿಲ್ಲ. ಸ್ಕ್ರೂಡ್ರೈವರ್ ತರಿಸಿ ತಾವೇ ಬಿಚ್ಚಿದರು. ನೆನಪಿಗೆ ಇಟ್ಟುಕೊಂಡರು ಎಂದು ನಾವು ತಿಳಿದೆವು.

ನೆನಪಿಗಲ್ಲ. ಮರುದಿನವೇ ಅದನ್ನು ನಡುಮನೆಯ ಗೋಡೆಗೆ, ನನ್ನ ಮುಖದ ಎತ್ತರಕ್ಕೆ ಮೊಳೆ ಹೊಡೆಸಿ ತೂಗುಹಾಕಿಸಿದರು. "ಹತ್ತಿರ ನಿಂತ್ಕೋ. ಒಂದು ಕಣ್ಣು ಮುಚ್ಚು. ಮುಳ್ಳಿನ ಬುಡದ ಮೊಳೆ ಬಿಟ್ಟು ದೃಷ್ಟಿ ಸರಿಸ್ಬೇಡ. ಸುತ್ತ ಯಾವ್ಯಾವ ಅಂಕಿ ಕಾಣುತ್ತೆ, ಹೇಳು." ಅದೇ ನಮ್ಮ ಮನೆಯ ನಿತ್ಯಪೂಜೆಯಾಯಿತು. ಅವರು ವಿಭೂತಿ ಹಚ್ಚಿಕೊಂಡು ಮಂಚದ ಮೇಲೆ ಕೂರುವುದು, ನಾನು ಶಾಲೆಗೆ ಹೊರಡುವ ಮೊದಲು ಗೋಡೆಯ ಮುಂದೆ ನಿಂತು ಒಪ್ಪಿಸುವುದು. ಸೊನ್ನೆ, ಇಪ್ಪತ್ತು, ನಲವತ್ತು. ಆ ಕಣ್ಣು, ಈ ಕಣ್ಣು. ಅಪ್ಪನಿಗೆ ಉಳಿದಿದ್ದ ಬೆಳಕು ವರ್ಷಗಳು ಹೋದಂತೆ ಕೊಳವೆಯಿಂದ ಸೂಜಿತೂತಿಗೆ ಇಳಿದು, ಆಮೇಲೆ ಅದೂ ಆರಿತು. ಕೇಳುವುದನ್ನು ಮಾತ್ರ ಬಿಡಲಿಲ್ಲ. ಶಿವಮೊಗ್ಗದ ಡಾಕ್ಟರ ಹತ್ತಿರ ಪ್ರತಿ ವರ್ಷ ಹೋಗುತ್ತಿದ್ದೆ. ಏನಿಲ್ಲ, ಬರುವ ವರ್ಷ ಬನ್ನಿ ಅನ್ನುತ್ತಿದ್ದರು. ಆದರೆ ಒಂದು ವರ್ಷ ನಾನು ಹೋಗಲಿಲ್ಲ.

ಕಾರಣ, ಆ ಮಳೆಗಾಲ ಬಲಗಣ್ಣಿನಲ್ಲಿ ನೋಡುವಾಗ ಎಡಗಡೆಯ ಇಪ್ಪತ್ತು ಇದ್ದ ಕಡೆ ಒಂದು ಬೂದಿಬಣ್ಣದ ಕಲೆ ಕೂತಂತಿತ್ತು. ಗಾಜಿಗೆ ಮತ್ತೆ ಮಜ್ಜಿಗೆ ಹಿಡಿದಿದೆ ಎಂದುಕೊಂಡು ಟೂತ್‌ಪೇಸ್ಟ್ ಹಾಕಿ ಉಜ್ಜಿದೆ. ಕಲೆ ಹೋಗಲಿಲ್ಲ. ನನಗೆ ಹೆದರಿಕೆಯಾಗಿತ್ತು, ಬೇರೇನೂ ಅಲ್ಲ. ನಾಳೆ ಹೋಗೋಣ, ಪರೀಕ್ಷೆ ಮುಗಿಯಲಿ, ರಜೆ ಬರಲಿ. ಆ ಬೀದಿಯ ಗಂಡಸರನ್ನು ಎಷ್ಟು ಬೈದಿದ್ದೆನೋ, ನಾನೂ ಹಾಗೇ ತಣಿಯಲು ಕಾಯುತ್ತಿದ್ದೆ.

ಒಂದು ಬೆಳಿಗ್ಗೆ ಎಂದಿನಂತೆ ನಿಂತೆ. ಎಡಗಣ್ಣು ಮುಚ್ಚಿಕೊಂಡು, ಗಟ್ಟಿದನಿಯಲ್ಲಿ ಒಪ್ಪಿಸಿದೆ: ಸೊನ್ನೆ, ಇಪ್ಪತ್ತು, ನಲವತ್ತು, ಅರವತ್ತು, ಎಂಬತ್ತು, ನೂರು, ನೂರಿಪ್ಪತ್ತು. ತೊದಲಲಿಲ್ಲ. ತೊದಲುವುದೇಕೆ, ಒಂದೊಂದನ್ನೂ ಅಳಿಸಿ ಅಳಿಸಿ ಬರೆದವಳು ನಾನೇ.

ಅಡುಗೆಕೋಣೆಯಲ್ಲಿ ಅಮ್ಮ ಪಾತ್ರೆ ಇಡುವ ಶಬ್ದ ನಿಂತಿತು. ಅಪ್ಪ ಬೈಕಿನ ಇಂಜಿನ್ ಕೇಳುತ್ತಿದ್ದ ಹಾಗೆ ತಲೆಯನ್ನು ಒಂದು ಕಡೆಗೆ ವಾಲಿಸಿಕೊಂಡು ಕೂತಿದ್ದರು.

"ಪುಟ್ಟೀ" ಅಂದರು. "ಕೇಬಲ್ ಹಾಕಿದೀಯಾ?"

ನಾನು ಮತ್ತೆ ಎಡಗಣ್ಣು ಮುಚ್ಚಿಕೊಂಡು, ಮೊದಲಿನಿಂದ ಹೇಳಿದೆ. ಈ ಸಲ ಇಪ್ಪತ್ತನ್ನು ಬಿಟ್ಟು ಹೇಳಿದೆ.